ಹಳೆಯ ತಂತ್ರಾಂಶವೂ ಸಂಗೀತಗಾರನ ಹಟವೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಸಭೆಯಲ್ಲಿ ಕನ್ನಡದ ಅಧ್ಯಾಪಕರು ಮಾತನಾಡಲು ನಿಂತರೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತು ಕೇಳಬಹುದೆಂದು ತಾವು ನಿರೀಕ್ಷಿಸುವುದು ಸಹಜವೇ ಸರಿ. ಆದರೆ ಇಂದು ನಾವು ಆರಿಸಿಕೊಂಡಿರುವ ವಿಷಯ ಬೇರೆ. ಈಗ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತು ಹಾಡು ಕಟ್ಟುತ್ತಿದ್ದಾರೆ. ಭಜನೆಗೆ ಶ್ರುತಿ ಕೂಡಿಸುತ್ತಾರೆ. ಶಾಲೆಯ ನಾಟಕಕ್ಕೆ ಹಿನ್ನೆಲೆ ಸಂಗೀತ ಹೊಂದಿಸುತ್ತಾರೆ. ಅಜ್ಜಿಯ ಶೋಭಾನೆಯನ್ನು ಮುದ್ರಿಸಿಕೊಂಡು ಅದಕ್ಕೆ ತಂಬೂರಿಯ ನಾದವನ್ನು ಸೇರಿಸುತ್ತಾರೆ. ಇದೆಲ್ಲ ಸಂತೋಷದ ಸಂಗತಿ. ಆದರೆ ಈ ಸಂತೋಷದ ಬೆನ್ನಿಗೇ ಒಂದು ಚಿಂತೆಯೂ ಮನೆಯೊಳಗೆ ಕಾಲಿಡುತ್ತದೆ. ತಂತ್ರಾಂಶದ ಹೊಸ ಆವೃತ್ತಿ ಬಂದಿದೆ, ಅದನ್ನು ಹಾಕಿಸಬೇಕು, ಅದಕ್ಕೆ ಈ ಕಂಪ್ಯೂಟರು ಸಾಲದು ಎಂದು ಮಕ್ಕಳು ಹೇಳುತ್ತಾರೆ. ತಂದೆತಾಯಿಗಳು ಲೆಕ್ಕ ಹಾಕಿ ನಿಟ್ಟುಸಿರು ಬಿಡುತ್ತಾರೆ. ಹೊಸತು ಕೈಗೆ ಬರಲಿಲ್ಲವೆಂದು ಮಕ್ಕಳು ತಾವು ಹಿಂದುಳಿದೆವೆಂದು ಕೊರಗುತ್ತಾರೆ.

ಹೀಗಿರುವಾಗ, ಹಣವೂ ಅನುಕೂಲವೂ ಉಳ್ಳ ಸಂಗೀತಗಾರರಲ್ಲಿಯೇ ಕೆಲವರು ತಿಳಿದೂ ತಿಳಿದೂ ಹಳೆಯ ಆವೃತ್ತಿಯನ್ನು ಬಿಡದೆ ಹಿಡಿದುಕೊಂಡಿರುತ್ತಾರೆ ಎಂದರೆ ತಮಗೆ ಆಶ್ಚರ್ಯವಾಗಬಹುದು. ಇದು ಸೋಮಾರಿತನವೇ? ಜಿಪುಣತನವೇ? ಅಥವಾ ಮುದಿತನದ ಹಟವೇ? ಹಟವೆಂದೇ ಇಟ್ಟುಕೊಂಡರೂ ಅದರ ಹಿಂದೆ ವಿಚಾರಕ್ಕೆ ಯೋಗ್ಯವಾದ ಕಾರಣಗಳಿವೆ ಎಂಬುದೂ, ಆ ಕಾರಣಗಳು ನಮ್ಮ ಮನೆಗಳಿಗೂ ಈ ಸಂಘಕ್ಕೂ ಬಹಳ ಹತ್ತಿರದವು ಎಂಬುದೂ ನಮ್ಮ ಅಭಿಪ್ರಾಯ. ಅವುಗಳನ್ನು ಒಂದೊಂದಾಗಿ ನಿವೇದಿಸುತ್ತೇವೆ.

ಮೊದಲು ಈ ಸಂಗೀತ ತಂತ್ರಾಂಶವೆಂದರೇನೆಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಹಿಂದೆ ಧ್ವನಿಮುದ್ರಣದ ಕೋಣೆಯಲ್ಲಿ ಗಾಯಕನ ದನಿಯನ್ನೂ ಪಿಟೀಲನ್ನೂ ತಬಲೆಯನ್ನೂ ಅಗಲವಾದ ಟೇಪಿನ ಮೇಲೆ ಬೇರೆ ಬೇರೆ ಟ್ರ್ಯಾಕುಗಳಲ್ಲಿ ಹಿಡಿದು, ಆಮೇಲೆ ಅವುಗಳನ್ನು ಹದವರಿತು ಬೆರೆಸುತ್ತಿದ್ದರು. ಇಂದು ಆ ಟೇಪು, ಬೆರೆಸುವ ಆ ದೊಡ್ಡ ಮೇಜು, ಅಷ್ಟೇಕೆ, ವಾದ್ಯಗಳ ನಾದವೂ ಸಹ ಕಂಪ್ಯೂಟರಿನೊಳಕ್ಕೆ ಸೇರಿಹೋಗಿವೆ. ಈ ಬದಲಾವಣೆಯ ಮೊದಲ ಮೆಟ್ಟಿಲು 1983ರಲ್ಲಿ ಬಂದ ಮಿಡಿ ಎಂಬ ಪದ್ಧತಿ. ಆ ವರ್ಷದ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ವಾದ್ಯಗಳ ಪ್ರದರ್ಶನವೊಂದರಲ್ಲಿ ಅಮೆರಿಕದ ಸೀಕ್ವೆನ್ಷಿಯಲ್ ಸರ್ಕಿಟ್ಸ್ ಸಂಸ್ಥೆಯ ವಾದ್ಯವನ್ನೂ ಜಪಾನಿನ ರೋಲೆಂಡ್ ಸಂಸ್ಥೆಯ ವಾದ್ಯವನ್ನೂ ಒಂದು ತಂತಿಯಿಂದ ಜೋಡಿಸಿದರು. ಒಂದರ ಮನೆಗಳನ್ನು ಒತ್ತಿದರೆ ಮತ್ತೊಂದು ನುಡಿಯಿತು. ಮಿಡಿ ತಾನೇ ನಾದವಲ್ಲ. ನಾದಕ್ಕೆ ಕೊಡುವ ಅಪ್ಪಣೆ. ಯಾವ ಸ್ವರ, ಯಾವ ಗಳಿಗೆಯಲ್ಲಿ, ಎಷ್ಟು ಬಲದಿಂದ, ಎಲ್ಲಿಯವರೆಗೆ ಎಂಬುದಷ್ಟೇ ಅದರಲ್ಲಿರುತ್ತದೆ. ನಮ್ಮ ಸ್ವರಲಿಪಿಗೆ ಅದು ಹತ್ತಿರದ ನೆಂಟ.

1985ರಲ್ಲಿ ಬಂದ ಅಟಾರಿ ಎಸ್‌ಟಿ ಎಂಬ ಕಂಪ್ಯೂಟರಿನಲ್ಲಿ ಮಿಡಿ ತಂತಿಯನ್ನು ಸಿಕ್ಕಿಸುವ ಕಿಂಡಿಗಳು ಹುಟ್ಟಿನಿಂದಲೇ ಇದ್ದವು. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯವರು 1989ರಲ್ಲಿ ಆ ಯಂತ್ರಕ್ಕಾಗಿಯೇ ಕ್ಯೂಬೇಸ್ ಎಂಬ ತಂತ್ರಾಂಶವನ್ನು ಹೊರತಂದರು. 1991ರಲ್ಲಿ ಅಮೆರಿಕದ ಡಿಜಿಡಿಸೈನ್ ಸಂಸ್ಥೆಯ ಪ್ರೊ ಟೂಲ್ಸ್ ಬಂದಿತು. 1996ರಲ್ಲಿ ಸ್ಟೈನ್‌ಬರ್ಗಿನವರು ವಿಎಸ್‌ಟಿ ಎಂಬ ಏರ್ಪಾಡನ್ನು ತಂದರು. ಅದರಿಂದ ಒಬ್ಬರು ಮಾಡಿದ ತಂತ್ರಾಂಶಕ್ಕೆ ಮತ್ತೊಬ್ಬರು ಮಾಡಿದ ಚಿಕ್ಕ ಚಿಕ್ಕ ಉಪಾಂಗಗಳನ್ನು ಸೇರಿಸಿಕೊಳ್ಳುವುದು ಸಾಧ್ಯವಾಯಿತು. ದನಿಗೆ ಗುಡಿಯ ಪ್ರಾಕಾರದ ಗುಂಗು ಕೊಡುವುದೊಂದು, ದನಿಯ ಏರಿಳಿತವನ್ನು ಒಂದು ಮಟ್ಟಕ್ಕೆ ತರುವುದೊಂದು, ಇಲ್ಲದ ವಾದ್ಯವನ್ನು ನುಡಿಸುವುದೊಂದು. ಇವನ್ನು ಪ್ಲಗ್‌ಇನ್ ಎನ್ನುತ್ತಾರೆ.

ಇಲ್ಲಿ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಮ್ಮ ಹುಡುಗರು ದಿನದ ಕೆಲಸ ಮುಗಿಸಿ ಕಂಪ್ಯೂಟರಿನಲ್ಲಿ ಉಳಿಸಿಡುವ ಪ್ರಾಜೆಕ್ಟ್ ಕಡತದಲ್ಲಿ ಸಿದ್ಧವಾದ ಹಾಡು ಇರುವುದಿಲ್ಲ. ಅದು ಅಡುಗೆಯ ಚೀಟಿಯಂತೆ. ಇಂಥ ದನಿಯನ್ನು ಇಲ್ಲಿಂದ ತೆಗೆದುಕೊ, ಇಂಥ ಪ್ಲಗ್‌ಇನ್ನಿನ ಮೂಲಕ ಹಾಯಿಸು, ಇಷ್ಟು ಪ್ರಮಾಣದಲ್ಲಿ ಬೆರೆಸು ಎಂದು ಅದರಲ್ಲಿ ಬರೆದಿರುತ್ತದೆ. ಚೀಟಿಯಲ್ಲಿ ಹೇಳಿದ ಸಾಮಾನು ಅಂಗಡಿಯಲ್ಲಿ ಸಿಗದೆ ಹೋದರೆ ಚೀಟಿಯನ್ನು ಎಷ್ಟು ಜೋಪಾನ ಮಾಡಿದ್ದರೂ ಅದೇ ರುಚಿ ಮತ್ತೆ ಬಾರದು. ಹಳೆಯ ಆವೃತ್ತಿಯ ಮೇಲಿನ ಮಮತೆಗೆ ಮುಖ್ಯವಾದ ಬೇರು ಇಲ್ಲಿಯೇ ಇದೆ. ಆದರೆ ಅದಕ್ಕೆ ಬರುವ ಮೊದಲು ಇನ್ನೊಂದು ಕಾರಣವನ್ನು ಹೇಳಬೇಕು. ಅದು ಕೈಯ ಕಾರಣ.

ನಮ್ಮ ಕಾಸರಗೋಡಿನ ನೆಲದಲ್ಲಿ ಯಕ್ಷಗಾನವನ್ನು ನೋಡದೆ ಬೆಳೆದವರು ಕಡಿಮೆ. ಮದ್ದಳೆಗೆ ಹೊಸ ಮುಚ್ಚಿಗೆ ಹಾಕಿಸಿದ ಮೇಲೆ ಅದು ಕೈಗೆ ಒಗ್ಗುವವರೆಗೆ ಮದ್ದಳೆಗಾರನಿಗೆ ನೆಮ್ಮದಿಯಿಲ್ಲವೆಂಬುದನ್ನು ತಾವು ಬಲ್ಲಿರಿ. ಬೆರಳು ಎಲ್ಲಿ ಬಿದ್ದರೆ ಯಾವ ನುಡಿ ಏಳುವುದೆಂಬ ಅರಿವು ಅವನ ತಲೆಯಲ್ಲಿಲ್ಲ, ಬೆರಳಲ್ಲಿಯೇ ಇದೆ. ತಂತ್ರಾಂಶವನ್ನು ಹತ್ತು ವರ್ಷ ಬಳಸಿದ ಸಂಗೀತಗಾರನ ಸ್ಥಿತಿಯೂ ಇದೇ. ಯಾವ ಕೀಲಿಯನ್ನು ಒತ್ತಿದರೆ ಟ್ರ್ಯಾಕು ತುಂಡಾಗುವುದು, ಯಾವ ಮೂಲೆಯಲ್ಲಿ ಯಾವ ಗುಂಡಿಯಿರುವುದು ಎಂಬುದನ್ನು ಅವನು ಯೋಚಿಸುವುದಿಲ್ಲ; ಯೋಚನೆಯೆಲ್ಲ ರಾಗದ ಮೇಲಿರುತ್ತದೆ. ಹೊಸ ಆವೃತ್ತಿ ಬಂದು ಗುಂಡಿಗಳ ಸ್ಥಾನವನ್ನೂ ಬಣ್ಣವನ್ನೂ ಬದಲಿಸಿತೆಂದರೆ ಅವನ ಲಕ್ಷ್ಯ ರಾಗದಿಂದ ಗುಂಡಿಗೆ ಇಳಿಯುತ್ತದೆ. ಅಂದು ಹೊಳೆದ ಸಂಚಾರ ಅಂದೇ ಆರಿಹೋಗುತ್ತದೆ.

ಇಂಗ್ಲೆಂಡಿನ ನಾರ್ಮನ್ ಕುಕ್ ಎಂಬ ಸಂಗೀತಗಾರರು ಫ್ಯಾಟ್‌ಬಾಯ್ ಸ್ಲಿಮ್ ಎಂಬ ಹೆಸರಿನಿಂದ ಲೋಕಪ್ರಸಿದ್ಧರು. 1998ರಲ್ಲಿ ಬಂದ ಅವರ ‘ಯೂವ್ ಕಮ್ ಅ ಲಾಂಗ್ ವೇ, ಬೇಬಿ’ ಎಂಬ ಧ್ವನಿಮುದ್ರಿಕೆ ಆ ದೇಶದ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಅದನ್ನು ಅವರು ಕಟ್ಟಿದ್ದು ನಾವು ಮೊದಲು ಹೇಳಿದ ಅಟಾರಿ ಎಸ್‌ಟಿ ಯಂತ್ರದ ಮೇಲೆ. ಅಷ್ಟು ಹೊತ್ತಿಗೆ ಆ ಯಂತ್ರದ ತಯಾರಿಕೆಯೇ ನಿಂತು ವರ್ಷಗಳಾಗಿದ್ದವು. ಅದರ ಒಂದು ಮಾದರಿಯ ನೆನಪಿನ ಸಾಮರ್ಥ್ಯ ಒಂದು ಮೆಗಾಬೈಟು ಮಾತ್ರ. ಇಂದು ನಮ್ಮ ಫೋನಿನ ಒಂದೇ ಚಿತ್ರಕ್ಕೂ ಅದು ಸಾಲದು. ಆದರೂ ಅದನ್ನು ಬಳಸಿದವರು ಅದರ ತಾಳ ಬಿಗಿಯೆಂದು ಇಂದಿಗೂ ಹೊಗಳುತ್ತಾರೆ. ಅದಕ್ಕೆ ಕಾರಣವೂ ಸರಳವಾದದ್ದು. ಆ ಯಂತ್ರಕ್ಕೆ ಮಾಡಬೇಕಾದದ್ದು ಒಂದೇ ಕೆಲಸ; ಹಿನ್ನೆಲೆಯಲ್ಲಿ ನೂರು ಕೆಲಸಗಳು ಅದರ ಗಮನವನ್ನು ಎಳೆಯುತ್ತಿರಲಿಲ್ಲ.

ಬರಿಯಲ್ ಎಂಬ ಹೆಸರಿನಿಂದ ಬರೆಯುವ ಲಂಡನ್ನಿನ ಮತ್ತೊಬ್ಬ ಸಂಗೀತಗಾರರು 2006 ಮತ್ತು 2007ರಲ್ಲಿ ಬಂದ ತಮ್ಮ ಮೊದಲ ಎರಡು ಧ್ವನಿಮುದ್ರಿಕೆಗಳನ್ನು ಸೌಂಡ್ ಫೋರ್ಜ್ ಎಂಬುದರಲ್ಲಿ ಕಟ್ಟಿದರೆಂದು ಅವರೇ ಹೇಳಿದ್ದಾರೆ. ಅದು ಹಾಡು ಕಟ್ಟುವುದಕ್ಕಾಗಿ ಹುಟ್ಟಿದ್ದಲ್ಲ. ಮುದ್ರಿಸಿದ ದನಿಯನ್ನು ಕತ್ತರಿಸಿ ತಿದ್ದುವುದಕ್ಕೆ ಹುಟ್ಟಿದ್ದು. ತಾಳದ ಗೆರೆಗಳನ್ನು ಹಾಕಿಕೊಡುವ ಸೌಕರ್ಯ ಬೇಡವಾಗಿ, ಅಲೆಯ ಆಕಾರವನ್ನು ಕಣ್ಣಿಂದ ನೋಡಿ ಕೈಯಿಂದ ಜೋಡಿಸಿದ್ದರಿಂದಲೇ ಅವರ ತಾಳಕ್ಕೆ ಯಂತ್ರದ್ದಲ್ಲದ ಒಂದು ಒಲೆತ ಬಂದಿತು. ಸಲಕರಣೆಯ ಬಡತನ ಕಲೆಯ ಬಡತನವಾಗಬೇಕಾಗಿಲ್ಲ. ಮನೆಯಲ್ಲಿ ಹಳೆಯ ಕಂಪ್ಯೂಟರೊಂದೇ ಇದೆಯೆಂದು ಹಿಂಜರಿಯುವ ನಮ್ಮ ವಿದ್ಯಾರ್ಥಿಗಳು ಈ ಇಬ್ಬರನ್ನೂ ನೆನೆಯಬೇಕು.

ಇನ್ನು ಎರಡನೆಯ ಕಾರಣ, ನಾವು ಬೇರೆಂದು ಹೇಳಿದ ಕಾರಣ: ಹಳೆಯ ಕೃತಿಗಳ ರಕ್ಷಣೆ. ಕಂಪ್ಯೂಟರುಗಳು ಒಂದು ಕಾಲದಲ್ಲಿ 32 ಬಿಟ್ಟಿನ ಲೆಕ್ಕದಲ್ಲಿ ನಡೆಯುತ್ತಿದ್ದವು. ಆ ಲೆಕ್ಕದಲ್ಲಿ ಒಂದು ತಂತ್ರಾಂಶ ಎಣಿಸಬಹುದಾದ ನೆನಪಿನ ಮನೆಗಳು 4,29,49,67,296. ಅಂದರೆ ನಾಲ್ಕು ಗಿಗಾಬೈಟು. ದೊಡ್ಡ ದೊಡ್ಡ ವಾದ್ಯಗಳ ನಾದಸಂಗ್ರಹವನ್ನು ಹಿಡಿಯಲು ಅದು ಸಾಲದಾಯಿತು. ಆದುದರಿಂದ 64 ಬಿಟ್ಟಿಗೆ ಹೋಗುವುದು ಅನಿವಾರ್ಯವಾಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ದಾಟುವಾಗ ಹಿಂದೆ ಉಳಿದದ್ದೇನು? 2013ರಲ್ಲಿ ಬಂದ ಪ್ರೊ ಟೂಲ್ಸಿನ 11ನೆಯ ಆವೃತ್ತಿ ಹಳೆಯ ಬಗೆಯ ಪ್ಲಗ್‌ಇನ್ನುಗಳನ್ನು ಒಳಗೆ ಬಿಡಲಿಲ್ಲ. ಅದೇ ವರ್ಷ ಆ್ಯಪಲ್ ಸಂಸ್ಥೆಯ ಲಾಜಿಕ್ ಪ್ರೊ ಎಕ್ಸ್ ಕೂಡ 32 ಬಿಟ್ಟಿನ ಪ್ಲಗ್‌ಇನ್ನುಗಳನ್ನು ಕೈಬಿಟ್ಟಿತು. 2016ರಲ್ಲಿ ಕ್ಯೂಬೇಸಿನ 9ನೆಯ ಆವೃತ್ತಿ ಅದೇ ದಾರಿ ಹಿಡಿಯಿತು. 2019ರ ಅಕ್ಟೋಬರಿನಲ್ಲಿ ಆ್ಯಪಲ್ ಕಂಪ್ಯೂಟರುಗಳಿಗೆ ಬಂದ ಕ್ಯಾಟಲೀನಾ ಎಂಬ ವ್ಯವಸ್ಥೆಯಲ್ಲಿ 32 ಬಿಟ್ಟಿನ ಯಾವ ತಂತ್ರಾಂಶವೂ ನಡೆಯದಾಯಿತು.

ದೊಡ್ಡ ಸಂಸ್ಥೆಗಳು ತಮ್ಮ ಪ್ಲಗ್‌ಇನ್ನುಗಳನ್ನು ಹೊಸ ಲೆಕ್ಕಕ್ಕೆ ಹೊಂದಿಸಿ ಮತ್ತೆ ಕೊಟ್ಟವು. ಆದರೆ ಒಬ್ಬಿಬ್ಬರು ಬಿಡುವಿನ ವೇಳೆಯಲ್ಲಿ ಮಾಡಿ ಹಂಚಿದ ಎಷ್ಟೋ ಪ್ಲಗ್‌ಇನ್ನುಗಳು ಅಲ್ಲಿಯೇ ನಿಂತವು. ಹತ್ತು ವರ್ಷದ ಹಿಂದಿನ ಒಂದು ಹಾಡಿನಲ್ಲಿ ಕೊಳಲಿನಂಥ ನಾದ ಆ ಪ್ಲಗ್‌ಇನ್ನಿನಿಂದಲೇ ಬಂದಿದ್ದರೆ, ಹೊಸ ಆವೃತ್ತಿಯಲ್ಲಿ ಹಾಡನ್ನು ತೆರೆದಾಗ ಆ ಟ್ರ್ಯಾಕು ಮೂಕ. ಆದ್ದರಿಂದಲೇ ಅನೇಕರು ಪ್ರೊ ಟೂಲ್ಸ್ 11 ಕೈಗೆ ಬಂದ ಮೇಲೆಯೂ 10ನೆಯದನ್ನು ಅದೇ ಯಂತ್ರದಲ್ಲಿ ಉಳಿಸಿಕೊಂಡರು.

ಈ ಕಷ್ಟ ತಮಗೆ ದೂರದ್ದೆಂದು ತೋರಿದರೆ ನಮ್ಮ ಕನ್ನಡದ ಅಚ್ಚಿನ ಕೆಲಸವನ್ನೇ ನೋಡಿರಿ. ಯೂನಿಕೋಡ್ ಬಳಕೆಗೆ ಬರುವ ಮೊದಲು ಸಿದ್ಧಪಡಿಸಿದ ಕನ್ನಡ ಬರಹವನ್ನು, ಆ ಕಾಲದ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಕನ್ನಡವಲ್ಲ. ಅರ್ಥವಿಲ್ಲದ ಇಂಗ್ಲಿಷು ಅಕ್ಷರಗಳೂ ಚಿಹ್ನೆಗಳೂ. ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ತಂತ್ರಾಂಶದ ಕೊನೆಯ ಮುಖ್ಯ ಆವೃತ್ತಿ ಬಂದದ್ದು 2001ರಲ್ಲಿ. ಆಮೇಲೆಯೂ ಬಹುಕಾಲ ಕನ್ನಡದ ಡಿ.ಟಿ.ಪಿ. ಅಂಗಡಿಗಳು ಅದನ್ನು ಬಿಡಲಿಲ್ಲ. ಮದುವೆಯ ಕರೆಯೋಲೆಯಿಂದ ಸ್ಮರಣ ಸಂಚಿಕೆಯವರೆಗೆ ವರ್ಷಗಳ ಕೆಲಸವೆಲ್ಲ ಅದರೊಳಗೆ ಇದ್ದುದರಿಂದ, ಅದನ್ನು ಬಿಡುವುದೆಂದರೆ ತಮ್ಮ ಕಪಾಟಿನ ಬೀಗದ ಕೈಯನ್ನು ತಾವೇ ಬಾವಿಗೆ ಎಸೆದಂತೆ. ಸಂಗೀತಗಾರನ ಹಟವೂ ಈ ಅಂಗಡಿಯವರ ಹಟವೂ ಒಂದೇ ಜಾತಿಯವು.

ಮೂರನೆಯ ಕಾರಣ ಕಾಲಕ್ಕೆ ಸಂಬಂಧಿಸಿದ್ದು. ಮದುವೆಯ ಮನೆಯಲ್ಲಿ ಎಲೆ ಹಾಕುವ ಹೊತ್ತಿಗೆ ಯಾರೂ ಒಲೆಯನ್ನು ಕಿತ್ತು ಹೊಸದನ್ನು ಹೂಡುವುದಿಲ್ಲ. ಒಂದು ಚಲನಚಿತ್ರದ ಸಂಗೀತವೋ ಊರೂರು ಸುತ್ತಿ ನಡೆಸುವ ಕಛೇರಿಗಳೋ ಕೈಯಲ್ಲಿರುವಾಗ, ಅನುಭವವುಳ್ಳವರು ತಂತ್ರಾಂಶವನ್ನು ಮುಟ್ಟುವುದಿಲ್ಲ. ಹೊಸ ಆವೃತ್ತಿಯ ಗುಣಗಳು ಜಾಹೀರಾತಿನಲ್ಲಿ ಮೊದಲ ದಿನವೇ ಕಾಣುತ್ತವೆ. ದೋಷಗಳು ಕೆಲವು ತಿಂಗಳ ಬಳಕೆಯಲ್ಲಿ ಕಾಣುತ್ತವೆ. ಹಳೆಯದರ ದೋಷಗಳಾದರೋ ಆಗಲೇ ಗೊತ್ತು, ಅವುಗಳನ್ನು ಬಳಸಿ ಹೋಗುವ ದಾರಿಯೂ ಗೊತ್ತು.

ಹಳೆಯ ಆವೃತ್ತಿಯ ನಾದವೇ ಹೆಚ್ಚು ಇಂಪು ಎಂದು ವಾದಿಸುವವರೂ ಇದ್ದಾರೆ. ಈ ಮಾತನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಹಲವು ಟ್ರ್ಯಾಕುಗಳನ್ನು ಬೆರೆಸುವುದೆಂದರೆ ಕಂಪ್ಯೂಟರಿನ ಮಟ್ಟಿಗೆ ಅಂಕೆಗಳನ್ನು ಕೂಡುವುದು. ಎರಡು ಮತ್ತು ಎರಡು ಹಳೆಯ ಆವೃತ್ತಿಯಲ್ಲಿಯೂ ನಾಲ್ಕೇ. ಆದರೆ ಹಾಡಿನ ಕಾಲವನ್ನು ಹಿಗ್ಗಿಸುವ ಕುಗ್ಗಿಸುವ ವಿಧಾನ ಬದಲಾಗಿದ್ದರೆ, ಅಥವಾ ಒಂದು ಪ್ಲಗ್‌ಇನ್ನನ್ನೇ ತಿದ್ದಿ ಬರೆದಿದ್ದರೆ, ನಾದ ನಿಜವಾಗಿಯೂ ಬೇರೆಯಾದೀತು. ಕಿವಿಯ ಭ್ರಮೆಯನ್ನೂ ನಿಜವಾದ ಭೇದವನ್ನೂ ಬೇರ್ಪಡಿಸಿ ನೋಡುವುದು ವಿವೇಕ.

ಇನ್ನುಳಿದ ಕಾರಣ ಎಲ್ಲಕ್ಕಿಂತ ಗಂಭೀರವಾದದ್ದು. ಅದು ಒಡೆತನದ ಪ್ರಶ್ನೆ. ಪಿಟೀಲನ್ನು ಕೊಂಡವನು ಅದರ ಒಡೆಯ. ಮಾಡಿದ ಬಡಗಿ ತೀರಿಕೊಂಡರೂ ಪಿಟೀಲು ನುಡಿಯುತ್ತದೆ. ತಂತ್ರಾಂಶದ ಸಂಗತಿ ಹಾಗಲ್ಲ. ಜರ್ಮನಿಯ ಎಮ್ಯಾಜಿಕ್ ಸಂಸ್ಥೆಯ ಲಾಜಿಕ್ ತಂತ್ರಾಂಶವು ವಿಂಡೋಸ್ ಕಂಪ್ಯೂಟರುಗಳಲ್ಲಿಯೂ ನಡೆಯುತ್ತಿದ್ದಿತು. 2002ರ ಜುಲೈಯಲ್ಲಿ ಆ್ಯಪಲ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ವಿಂಡೋಸಿನವರ ದಾರಿ ಅಲ್ಲಿಗೇ ಮುಚ್ಚಿತು. ಅವರಲ್ಲಿ ಕೆಲವರು ಆ ಕೊನೆಯ ಆವೃತ್ತಿಯನ್ನೇ ವರ್ಷಗಟ್ಟಲೆ ಬಳಸಿದರು. ಅಮೆರಿಕದ ಕೇಕ್‌ವಾಕ್ ಸಂಸ್ಥೆಯವರು 2016ರಲ್ಲಿ ಸೋನಾರ್ ಎಂಬ ತಮ್ಮ ತಂತ್ರಾಂಶಕ್ಕೆ ಜೀವಮಾನ ಪರ್ಯಂತ ಅಪ್‌ಡೇಟ್ ಕೊಡುವ ಯೋಜನೆಯನ್ನು ತಂದರು. 2017ರ ನವೆಂಬರಿನಲ್ಲಿ ಅದರ ಒಡೆತನವಿದ್ದ ಗಿಬ್ಸನ್ ಸಂಸ್ಥೆ ಆ ತಂತ್ರಾಂಶದ ಕೆಲಸವನ್ನೇ ನಿಲ್ಲಿಸಿತು. ಜೀವಮಾನವೆಂದರೆ ಯಾರ ಜೀವಮಾನ ಎಂದು ಕೊಂಡವರು ಕೇಳುವಂತಾಯಿತು. 2018ರಲ್ಲಿ ಬ್ಯಾಂಡ್‌ಲ್ಯಾಬ್ ಎಂಬ ಸಂಸ್ಥೆ ಅದನ್ನು ಕೊಂಡು ಉಳಿಸಿತೆಂಬುದು ಸಮಾಧಾನ. ಬೆಲ್ಜಿಯಮ್ಮಿನ ಇಮೇಜ್‌ಲೈನ್ ಸಂಸ್ಥೆಯು ತನ್ನ ಎಫ್‌ಎಲ್ ಸ್ಟುಡಿಯೋವನ್ನು ಒಮ್ಮೆ ಕೊಂಡವರಿಗೆ ಮುಂದಿನ ಆವೃತ್ತಿಗಳನ್ನು ಉಚಿತವಾಗಿ ಕೊಡುತ್ತ ಬಂದಿದೆ ಎಂಬುದನ್ನೂ ನ್ಯಾಯದ ದೃಷ್ಟಿಯಿಂದ ಹೇಳಬೇಕು.

2024ರ ಆಗಸ್ಟ್ 26ರಂದು ನಡೆದ ಸಂಗತಿಯನ್ನು ವಿಶೇಷವಾಗಿ ನೆನೆಯಬೇಕು. ಫಿನಾಲೆ ಎಂಬುದು ಪಾಶ್ಚಾತ್ಯ ಸ್ವರಲಿಪಿಯನ್ನು ಬರೆದು ಅಚ್ಚು ಹಾಕುವ ತಂತ್ರಾಂಶ. 1988ರಲ್ಲಿ ಹುಟ್ಟಿ, 35 ವರ್ಷಗಳಿಗೆ ಮೇಲ್ಪಟ್ಟು ವಾಗ್ಗೇಯಕಾರರಿಗೂ ಶಾಲೆಗಳ ಸಂಗೀತ ಶಿಕ್ಷಕರಿಗೂ ಪ್ರಕಾಶಕರಿಗೂ ನೆರವಾಗಿದ್ದದ್ದು. ಅಂದು ಅದರ ಒಡೆಯರಾದ ಮೇಕ್‌ಮ್ಯೂಸಿಕ್ ಸಂಸ್ಥೆಯವರು ಇನ್ನು ಮುಂದೆ ಅದನ್ನು ಬೆಳೆಸುವುದಿಲ್ಲವೆಂದು ಸಾರಿದರು. ಒಂದು ವರ್ಷ ಕಳೆದ ಮೇಲೆ ಹೊಸ ಕಂಪ್ಯೂಟರಿನಲ್ಲಿ ಅದನ್ನು ಹಾಕಿಕೊಳ್ಳಲು ಬೇಕಾದ ಅನುಮತಿಯೂ ದೊರೆಯದೆಂದು ಮೊದಲ ಪ್ರಕಟಣೆಯಲ್ಲಿತ್ತು. ಒಬ್ಬರ ಆಯುಷ್ಯದ ಕೃತಿಗಳೆಲ್ಲ ಆ ಕಡತಗಳಲ್ಲಿವೆ. ಕಂಪ್ಯೂಟರು ಕೆಟ್ಟರೆ ಅವುಗಳ ಬಾಗಿಲು ಮುಚ್ಚಿದಂತೆಯೇ. ಸಂಗೀತಗಾರರ ದೊಡ್ಡ ಕೂಗೆದ್ದಿತು. ಸಂಸ್ಥೆಯವರು ಮನಸ್ಸು ಬದಲಿಸಿ, ಅನುಮತಿಯ ವ್ಯವಸ್ಥೆಯನ್ನು ಮುಂದುವರಿಸುವುದಾಗಿ ತಿಳಿಸಿದರು. ಕೂಗು ಫಲಿಸಿತು. ಆದರೂ ಒಂದು ಮಾತು ಉಳಿಯುತ್ತದೆ: ನಾನು ಬರೆದದ್ದನ್ನು ನಾನು ಓದಲು ಮತ್ತೊಬ್ಬರ ಅನುಮತಿ ಬೇಕಾದೀತೆ?

ಬಂಧುಗಳೆ, ನಿರ್ಧಾರವೊಂದು ಎಲ್ಲಿಯೋ ಆಗುವುದು, ಅದರೊಡನೆ ದಿನದಿನವೂ ಬಾಳಬೇಕಾದವರು ಮತ್ತೆಲ್ಲಿಯೋ ಇರುವುದು ಎಂಬ ಅನುಭವ 1956ರ ನವೆಂಬರ್ 1ರ ತರುವಾಯ ಈ ನೆಲದ ಕನ್ನಡಿಗರಿಗೆ ಹೊಸದಲ್ಲ. ಆದುದರಿಂದ ಆ ಸಂಗೀತಗಾರರ ಸಂಕಟ ನಮಗೆ ಬೇಗ ಅರ್ಥವಾಗುತ್ತದೆ. ಹಳೆಯ ಆವೃತ್ತಿಯನ್ನು ಹಿಡಿದವನು ಹೊಸತನ್ನು ದ್ವೇಷಿಸುವವನಲ್ಲ. ತನ್ನ ಕೃತಿಯ ಬೀಗದ ಕೈ ತನ್ನ ಸೊಂಟದಲ್ಲಿರಲಿ ಎನ್ನುವವನು.

ಹಾಗೆಂದು ಹಳೆಯದನ್ನೇ ಹಿಡಿದಿರುವುದರಲ್ಲಿ ಅಪಾಯವಿಲ್ಲವೆಂದು ನಾವು ಹೇಳುವುದಿಲ್ಲ. ಹಳೆಯ ತಂತ್ರಾಂಶಕ್ಕೆ ಹಳೆಯ ವ್ಯವಸ್ಥೆ ಬೇಕು. ವಿಂಡೋಸ್ ಎಕ್ಸ್‌ಪಿಗೆ ರಕ್ಷಣೆಯ ತಿದ್ದುಪಡಿಗಳು 2014ರ ಏಪ್ರಿಲಿನಲ್ಲಿ ನಿಂತವು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರಿನಲ್ಲಿ ಮುಗಿಯಿತು. ಇಂಥ ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಜೋಡಿಸಿಟ್ಟರೆ ಕಳ್ಳರಿಗೆ ಕದ ತೆರೆದಿಟ್ಟಂತೆ. ಬಲ್ಲವರು ಅದನ್ನು ಇಂಟರ್ನೆಟ್ಟಿನಿಂದ ಬಿಡಿಸಿ, ಸಂಗೀತಕ್ಕೆ ಮಾತ್ರ ಮೀಸಲಿಡುತ್ತಾರೆ. ಯಂತ್ರವೂ ಮುಪ್ಪಾಗುತ್ತದೆ, ಬಿಡಿಭಾಗಗಳು ಸಿಗುವುದಿಲ್ಲ, ಫ್ಲಾಪಿಗಳು ಮಾಸುತ್ತವೆ. ಜೊತೆಗಾರರು ಹೊಸ ಆವೃತ್ತಿಯಲ್ಲಿ ಕಳುಹಿಸಿದ್ದನ್ನು ಹಳೆಯದರಲ್ಲಿ ತೆರೆಯಲಾಗುವುದಿಲ್ಲ. ಆದ್ದರಿಂದ ಬರಿಯ ಹಟ ಸಾಲದು; ಹಟದ ಜೊತೆಗೆ ಏರ್ಪಾಡು ಬೇಕು.

ಹೊಸತು ಬಂದರೆ ಹಳೆಯದು ಸಾಯಲೇಬೇಕೆಂಬ ನಿಯಮವೂ ಇಲ್ಲ. ಇದಕ್ಕೆ ಮಿಡಿಯೇ ಸಾಕ್ಷಿ. ಸೀಕ್ವೆನ್ಷಿಯಲ್ ಸರ್ಕಿಟ್ಸ್‌ನ ಡೇವ್ ಸ್ಮಿತ್ ಅವರೂ ರೋಲೆಂಡಿನ ಇಕುತಾರೊ ಕಕೆಹಾಶಿ ಅವರೂ ಆ ಪದ್ಧತಿಗೆ ಪರವಾನಗಿಯ ಶುಲ್ಕ ವಿಧಿಸದೆ ಎಲ್ಲರಿಗೂ ಬಿಟ್ಟುಕೊಡುವ ಹಾದಿ ಹಿಡಿದರು. ಈ ಸೇವೆಗಾಗಿ 2013ರಲ್ಲಿ ಇಬ್ಬರಿಗೂ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ಸಂದಿತು. 1983ರ ವಾದ್ಯಕ್ಕೆ ಇಂದಿನ ಕಂಪ್ಯೂಟರಿನಿಂದ ಅಪ್ಪಣೆ ಕಳುಹಿಸಿದರೆ ಅದು ಈಗಲೂ ನುಡಿಯುತ್ತದೆ. 2020ರಲ್ಲಿ ಮಿಡಿಯ ಎರಡನೆಯ ಆವೃತ್ತಿ ಅಂಗೀಕೃತವಾಯಿತು. ಸ್ವರದ ಬಲವನ್ನು ಮೊದಲಿನ ಪದ್ಧತಿ 128 ಮೆಟ್ಟಿಲುಗಳಲ್ಲಿ ಅಳೆಯುತ್ತಿದ್ದರೆ ಹೊಸದು 65,536 ಮೆಟ್ಟಿಲುಗಳಲ್ಲಿ ಅಳೆಯುತ್ತದೆ. ಆದರೂ ಹಳೆಯ ವಾದ್ಯ ಎದುರಾದರೆ ಹಳೆಯ ಭಾಷೆಯಲ್ಲಿಯೇ ಮಾತನಾಡುವ ಸೌಜನ್ಯವನ್ನು ಅದರಲ್ಲಿ ಉಳಿಸಿದ್ದಾರೆ. ಮೊಮ್ಮಗ ಎಷ್ಟು ಓದಿದರೂ ಅಜ್ಜಿಯೊಡನೆ ಮನೆಮಾತನ್ನೇ ಆಡುವಂತೆ.

ಹಾಗಾದರೆ ನಮ್ಮ ಮಕ್ಕಳು ಮಾಡಬೇಕಾದದ್ದೇನು? ಮೊದಲನೆಯದಾಗಿ, ಹಾಡು ಮುಗಿದ ದಿನವೇ ಪ್ರತಿಯೊಂದು ಟ್ರ್ಯಾಕನ್ನೂ ಬೇರೆ ಬೇರೆಯಾಗಿ, ಎಲ್ಲವೂ ಹಾಡಿನ ಆರಂಭದಿಂದಲೇ ತೊಡಗುವಂತೆ, ವೇವ್ ಎಂಬ ಕಡತಗಳಾಗಿ ತೆಗೆದಿಡಬೇಕು. ಇವು ಚೀಟಿಯಲ್ಲ, ಅಡುಗೆಯೇ. ಇವುಗಳನ್ನು ತೆರೆಯದ ಸಂಗೀತ ತಂತ್ರಾಂಶ ಇಲ್ಲವೆಂದೇ ಹೇಳಬಹುದು. ಮೂರು ನಿಮಿಷದ ಹಾಡಿನ ಒಂದು ಸ್ಟೀರಿಯೋ ಟ್ರ್ಯಾಕು ಉತ್ತಮ ದರ್ಜೆಯಲ್ಲಿ ಸುಮಾರು 52 ಮೆಗಾಬೈಟು ಆಗುತ್ತದೆ. ಅಂಥ 20 ಟ್ರ್ಯಾಕುಗಳಿಗೆ ಒಂದು ಗಿಗಾಬೈಟಿಗಿಂತ ತುಸು ಹೆಚ್ಚು. ಸಾಮಾನ್ಯವಾದ ಪೆನ್‌ಡ್ರೈವಿನಲ್ಲಿ ಹತ್ತಾರು ಹಾಡುಗಳು ಹಿಡಿಯುತ್ತವೆ. ಎರಡನೆಯದಾಗಿ, ಸ್ವರಗಳ ಅಪ್ಪಣೆಯನ್ನು ಮಿಡಿ ಕಡತವಾಗಿ ಬೇರೆ ಇಡಬೇಕು. ಮೂರನೆಯದಾಗಿ, ಯಾವ ತಂತ್ರಾಂಶ, ಎಷ್ಟನೆಯ ಆವೃತ್ತಿ, ಯಾವ ಯಾವ ಪ್ಲಗ್‌ಇನ್, ಶ್ರುತಿ ಯಾವುದು, ಲಯ ಎಷ್ಟು ಎಂಬುದನ್ನು ಕಾಗದದ ಮೇಲೆ ಕನ್ನಡದಲ್ಲಿ ಬರೆದು, ಹಾಡಿದವರ ಹೆಸರನ್ನೂ ದಿನಾಂಕವನ್ನೂ ಸೇರಿಸಬೇಕು. ನಾಲ್ಕನೆಯದಾಗಿ, ಇವೆಲ್ಲದರ ಪ್ರತಿಯನ್ನು ಒಂದೇ ಮನೆಯಲ್ಲಿಡದೆ ಎರಡು ಕಡೆ ಇಡಬೇಕು. ಇಷ್ಟಾದ ಮೇಲೆ ಹಳೆಯ ಆವೃತ್ತಿಯಲ್ಲಿರುವುದೂ ಹೊಸದಕ್ಕೆ ಹೋಗುವುದೂ ಅವರವರ ಇಷ್ಟ, ಎರಡರಲ್ಲಿಯೂ ಭಯವಿಲ್ಲ.

ನಮ್ಮ ಹಿಂದಿನವರು ಇದನ್ನೇ ಮಾಡಿದ್ದರು. ನಮಗೆ ಅಷ್ಟೇನೂ ದೂರವಲ್ಲದ ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಮುಂತಾದ ಜೈನ ಸಿದ್ಧಾಂತ ಗ್ರಂಥಗಳು ತಾಳೆಗರಿಯ ಮೇಲೆ ಹಳಗನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಉಳಿದುಬಂದವು. ಓದಬಲ್ಲವರು ಕಡಿಮೆಯಾಗುತ್ತ ಬಂದಾಗ ಅವುಗಳನ್ನು ಕಾಗದಕ್ಕೆ ಪ್ರತಿಮಾಡಿದರು. 1939ರಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಗಿ ಹೊರಬಂದಿತು. ಪ್ರತಿಮಾಡಿದವರು ತಾಳೆಗರಿಯನ್ನು ಎಸೆಯಲಿಲ್ಲ. ತಾಳೆಗರಿಯೊಂದೇ ಸಾಕೆಂದು ಕೈಕಟ್ಟಿ ಕೂಡಲೂ ಇಲ್ಲ. ಮೂಲವನ್ನು ಕಾಪಾಡುವುದು, ಹೊಸ ಲಿಪಿಗೆ ಇಳಿಸುವುದು, ಇವೆರಡೂ ಒಂದೇ ಭಕ್ತಿಯ ಎರಡು ಕೈಗಳು.

ಈ ಗಡಿನಾಡಿನಲ್ಲಿ ಅಜ್ಜಿಯರು ಹಾಡುವ ಶೋಭಾನೆಗಳು, ಭಾಗವತರ ಕಂಠದಲ್ಲಿರುವ ಹಳೆಯ ಮಟ್ಟುಗಳು ಇಂದು ನಮ್ಮ ಮಕ್ಕಳ ಕಂಪ್ಯೂಟರುಗಳಲ್ಲಿ ಸೇರುತ್ತಿವೆ. ಅಜ್ಜಿ ಮತ್ತೊಮ್ಮೆ ಹಾಡಲಾರದ ದಿನ ಬರುತ್ತದೆ. ಆ ದಿನ ಕಡತ ತೆರೆಯದೆ ಹೋದರೆ ಯಾವ ಹೊಸ ಆವೃತ್ತಿಯೂ ಆ ದನಿಯನ್ನು ಮರಳಿ ಕೊಡಲಾರದು. ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮಗನೋ ಮಗಳೋ ಹೊಸ ಆವೃತ್ತಿ ಬೇಕೆಂದಾಗ ಹಣವಿದೆಯೇ ಎಂದು ಕೇಳುವುದಕ್ಕೆ ಮೊದಲು, ‘ಕಳೆದ ವರ್ಷ ಮಾಡಿದ ಹಾಡು ಇಂದು ತೆರೆಯುತ್ತದೆಯೇ, ಮಗು?’ ಎಂದು ಕೇಳಿರಿ. ತೆರೆದು ತೋರಿಸಿದರೆ, ಹಳೆಯ ಯಂತ್ರವಾದರೂ ಅದನ್ನು ಹೆಮ್ಮೆಯಿಂದ ಬಳಸಲಿ. ಸಂಘದವರಲ್ಲಿಯೂ ಒಂದು ಪ್ರಾರ್ಥನೆ: ಮಕ್ಕಳು ಹೀಗೆ ತೆಗೆದಿಟ್ಟ ಧ್ವನಿಗಳ ಒಂದು ಪ್ರತಿಗೆ ನಮ್ಮ ಪುಸ್ತಕ ಭಂಡಾರದಲ್ಲಿ ಒಂದು ಕಪಾಟನ್ನು ಕೊಡಿಸಿರಿ. ಅದರ ಪಟ್ಟಿಯನ್ನು ಬರೆಯುವ ಕೆಲಸಕ್ಕೆ ಶಾಲೆಯ ಬಿಡುವಿನ ವೇಳೆಯಲ್ಲಿ ನಾವು ಸಿದ್ಧರಿದ್ದೇವೆ.